ಮೊದಲ ಒಲ್ಲೆ

"ಅಂಕೋರಾ?" ಎನ್ನುತ್ತ ಖಾನಾವಳಿಯ ಲೊರೆದಾನಾ ಬಾಣಲೆಯನ್ನು ಸಂಧ್ಯಾರಾಣಿಯ ತಟ್ಟೆಯ ಮೇಲೆ ಬಗ್ಗಿಸಿ ಹಿಡಿದಳು. ಇನ್ನಷ್ಟು ಬೇಕೇ ಎಂದರ್ಥ. ಬಾಣಲೆಯಲ್ಲಿ ಬೆಣ್ಣೆಯಲ್ಲಿ ಹೊರಳಿದ ಕಡುಬುಗಳು ಇನ್ನೂ ಇದ್ದವು. ಸಂಧ್ಯಾರಾಣಿಯ ಹೊಟ್ಟೆ ಅರ್ಧವೂ ತುಂಬಿರಲಿಲ್ಲ. ಆದರೂ ಅವಳು ತಟ್ಟೆಗೆ ಅಂಗೈ ಅಡ್ಡ ಹಿಡಿದು, "ನೋ, ಗ್ರಾತ್ಸಿಯೆ" ಎಂದಳು.

"ವಾ ಬೇನೆ." ಸರಿ ಹಾಗಾದರೆ ಎಂದು ಲೊರೆದಾನಾ ಬಾಣಲೆ ಸಮೇತ ಪಕ್ಕದ ಮೇಜಿಗೆ ಹೋದಳು. ಅಲ್ಲಿದ್ದ ಮುದುಕ ಕೇಳುವ ಮೊದಲೇ ತಟ್ಟೆ ಮುಂದೆ ಚಾಚಿದ. ಸಂಧ್ಯಾರಾಣಿಗೆ ಅವನ ಮೇಲೆ ಹೊಟ್ಟೆಕಿಚ್ಚಾಯಿತು.

ಧಾರವಾಡದ ಪಂಕ್ತಿಯಲ್ಲಿ ಮೊದಲ 'ಒಲ್ಲೆ'ಯನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದು ಮರ್ಯಾದೆಯ ಒಲ್ಲೆ. ಎರಡನೆಯದು ಸಂಕೋಚದ್ದು. ಮೂರನೆಯ ಸಲ ಎಲೆಯ ಮೇಲೆ ಬೋರಲು ಬಿದ್ದರೆ ಮಾತ್ರ ಬಡಿಸುವವರು ಮುಂದೆ ಹೋಗುತ್ತಾರೆ, ಅದೂ ಒಂದನ್ನು ಹಾಕಿಯೇ. ಹಸಿದವರು ಒಲ್ಲೆ ಎನ್ನುವುದು, ಬಡಿಸುವವರು ಅದನ್ನು ನಂಬದಿರುವುದು, ಎರಡೂ ಸೇರಿದರೇ ಊಟ. ಆದರೆ ಈ ಆಟಕ್ಕೆ ಇಬ್ಬರು ಬೇಕು. ಸಂಧ್ಯಾರಾಣಿ ಊರು ಬಿಟ್ಟಾಗಿನಿಂದ ಒಬ್ಬಳೇ ಆಡುತ್ತಿದ್ದಳು.

ಮೆಲ್ಬರ್ನಿನಲ್ಲಿ ವಾಸ್ತುಶಿಲ್ಪ ಓದುತ್ತಿದ್ದ ಅವಳನ್ನು ಕಾಲೇಜಿನವರು ಒಂದು ಸೆಮಿಸ್ಟರಿಗೆಂದು ಇಟಲಿಯ ಈ ಫೆರಾರಾ ಊರಿಗೆ ಕಳಿಸಿದ್ದರು. ಊರ ನಡುವೆ ಕೆಂಪು ಇಟ್ಟಿಗೆಯ ಕೋಟೆ, ಅದರ ಸುತ್ತ ಹಸಿರುಗಟ್ಟಿದ ನೀರಿನ ಕಂದಕ. ನವೆಂಬರ್ ಬಂದದ್ದೇ ಮಂಜು ಇಳಿದು, ಕಮಾನುಗಳ ಓಣಿಯಲ್ಲಿ ಸೈಕಲ್ಲಿನ ಗಂಟೆ ಕೇಳುತ್ತಿತ್ತೇ ಹೊರತು ಸೈಕಲ್ಲು ಕಾಣುತ್ತಿರಲಿಲ್ಲ. ಶುಕ್ರವಾರ ಬಂತೆಂದರೆ ಜೊತೆಯ ಹುಡುಗಿಯರು ರೈಲು ಹತ್ತಿ ತಮ್ಮ ತಮ್ಮ ತಾಯಿಯರ ಊಟಕ್ಕೆ ಹೊರಟುಬಿಡುತ್ತಿದ್ದರು. ಇವಳು ಹಳೆಯ ಗೋಡೆಗಳ ಚಿತ್ರ ಬರೆಯುತ್ತ, ಕೋಡಿನಂತೆ ತಿರುಚಿದ ಬ್ರೆಡ್ಡು ಮುರಿದು ತಿನ್ನುತ್ತ ಊರು ಸುತ್ತುತ್ತಿದ್ದಳು.

ಆ ಊರಿನ ಹೆಸರುವಾಸಿ ತಿನಿಸಿನ ಹತ್ತಿರ ಅವಳು ಬಹಳ ದಿನ ಸುಳಿದಿರಲಿಲ್ಲ. ಅದರ ಹೆಸರು ಕಪ್ಪೆಲ್ಲಾಚ್ಚಿ. ಹೆಸರಿನಲ್ಲೇ ಕಪ್ಪೆ ಕೂತಿರುವುದನ್ನು ಲಿಂಗಾಯತರ ಹುಡುಗಿ ಹೇಗೆ ತಿಂದಾಳು? ಕೊನೆಗೆ ಹಸಿವು ತಡೆಯದೆ ಲೊರೆದಾನಾಳ ಖಾನಾವಳಿಗೆ ನುಗ್ಗಿ ಕೈಸನ್ನೆಯಲ್ಲಿ ವಿಚಾರಿಸಿದಳು. ಲೊರೆದಾನಾ ನಕ್ಕು, ಒಳಗಿನಿಂದ ಒಂದು ಕುಂಬಳಕಾಯಿ ತಂದು ಮೇಜಿನ ಮೇಲಿಟ್ಟಳು. ಬಾಯಿಗಿಟ್ಟರೆ ಸಿಹಿ ಹೂರಣ, ಜಾಜಿಕಾಯಿಯ ಘಮ. ಕಪ್ಪೆಯೂ ಇಲ್ಲ, ಗಿಪ್ಪೆಯೂ ಇಲ್ಲ. ಅಪ್ಪಟ ಕಡುಬು!

ಆದರೆ ಇವತ್ತು ಲೊರೆದಾನಾಳ 'ವಾ ಬೇನೆ' ಕೇಳಿದಾಗ ಅವಳಿಗೆ ನೆನಪಾದದ್ದು ನೀಲಕ್ಕತ್ತಿ. ತಂದೆಯ ಚಿಕ್ಕಪ್ಪನ ಮಗಳು ನೀಲಕ್ಕ ಸಿಡ್ನಿಯ ವೆಸ್ಟ್‌ಮೀಡ್‌ನಲ್ಲಿ ನರ್ಸು. ಇಡೀ ಆಸ್ಟ್ರೇಲಿಯಾದಲ್ಲಿ ಸಂಧ್ಯಾರಾಣಿಗೆ ತನ್ನವರೆಂದು ಇದ್ದದ್ದು ಅವಳ ಮನೆಯವರಷ್ಟೇ. ಕಳೆದ ವರ್ಷ ದೀಪಾವಳಿಗೆ ಅತ್ತೆಯ ಫೋನು ಬಂದಿತ್ತು.

"ಹಬ್ಬಕ್ಕ ಇಲ್ಲೆ ಬಾರವಾ."

"ಒಲ್ರಿ ಅತ್ತಿ, ನಿಮಗ್ಯಾಕ ಸುಮ್ನ ತ್ರಾಸ."

"ಹೌದಾ? ಆತು ಬಿಡವಾ."

ಫೋನು ಇಟ್ಟೇಬಿಟ್ಟಳು. ಸಂಧ್ಯಾರಾಣಿ ಮೆಲ್ಬರ್ನಿನ ಅಂಚಿನ ವೆರಿಬೀಯ ಬಾಡಿಗೆ ಕೋಣೆಯಲ್ಲಿ ಬಟ್ಟೆಯ ಚೀಲ ತುಂಬಿಟ್ಟುಕೊಂಡು ಎರಡನೆಯ ಕರೆಗಾಗಿ ಕಾದಳು. ಹಬ್ಬ ಬಂತು, ಹೋಯಿತು. ಅವತ್ತು ನೂಡಲ್ಸ್ ಬೇಯಿಸಿ ತಿನ್ನುತ್ತ ಅವಳು ಅತ್ತಿದ್ದಳು. ಆಮೇಲೆ ಅತ್ತೆಗೆ ಫೋನು ಮಾಡಿರಲಿಲ್ಲ. ಒಬ್ಬರಾದರೂ ಎರಡನೆಯ ಸಲ ಕೇಳಲಿ ಎಂದು ಅವಳ ಜೀವ ಹಂಬಲಿಸುತ್ತಿತ್ತು. ಅದನ್ನು ಬಾಯಿಬಿಟ್ಟು ಕೇಳುವುದು ಹೇಗೆ?

ಮುಂದಿನ ಶನಿವಾರ ಮತ್ತೆ ಅದೇ ಖಾನಾವಳಿ, ಅದೇ ಬಾಣಲೆ. "ಅಂಕೋರಾ?"

"ಸೀ" ಎಂದಳು ಸಂಧ್ಯಾರಾಣಿ. ಹೂಂ, ಹಾಕು. ಹೇಳುವಾಗ ನಾಚಿಕೆಯಿಂದ ಕಿವಿ ಬಿಸಿಯಾಯಿತು. ಲೊರೆದಾನಾ ಬಾಣಲೆಯನ್ನೇ ತಟ್ಟೆಗೆ ಕವುಚಿದಳು. ಬೇಕು ಎನ್ನುವುದು ಇಷ್ಟು ಸುಲಭವಿದ್ದರೆ ಇಷ್ಟು ದಿನ ಯಾಕೆ ಉಪವಾಸ ಬಿದ್ದೆ ಎಂದುಕೊಂಡು ಉಂಡಳು. ಊರು ಬಿಡುವ ಮೊದಲು ಅಡುಗೆಮನೆಗೆ ಹೋಗಿ ಕಡುಬು ಮಡಿಸುವುದನ್ನೂ ಕಲಿತಳು.

ಫೆಬ್ರವರಿಯಲ್ಲಿ ವೆರಿಬೀಗೆ ಮರಳಿದವಳು ತರಕಾರಿ ಅಂಗಡಿಯಿಂದ ಪ್ಲಾಸ್ಟಿಕ್ಕು ಸುತ್ತಿದ ಕಾಲು ಹೋಳು ಕುಂಬಳಕಾಯಿ ತಂದಳು. ಒಬ್ಬಳಿಗೆ ಅದೇ ಹೆಚ್ಚು. ಚಾಕು ಹಿಡಿದವಳು ಸ್ವಲ್ಪ ಹೊತ್ತು ಹಾಗೆಯೇ ನಿಂತು, ಚಾಕು ಕೆಳಗಿಟ್ಟು ಫೋನು ತೆಗೆದುಕೊಂಡಳು.

"ಅತ್ತಿ, ನಾ ಸಂಧ್ಯಾ. ಇಟಲಿಯಿಂದ ಬಂದೆ. ಅಲ್ಲೆ ಕುಂಬಳಕಾಯಿ ಕಡುಬು ಕಲತ್ ಬಂದೀನಿ. ಈ ಶನಿವಾರ ಮೆಲ್ಬರ್ನಿಗೆ ಬರ್ರಿ, ಮಾಡಿ ಹಾಕ್ತೀನಿ."

"ಒಲ್ಲೆ ಯವ್ವಾ. ಓದೂ ಹುಡುಗಿ ನೀ, ನಿನಗ್ಯಾಕ ಸುಮ್ನ ತ್ರಾಸ."

'ಆತು ಬಿಡ್ರಿ' ಎಂಬ ಮಾತು ಸಂಧ್ಯಾರಾಣಿಯ ನಾಲಿಗೆಯ ತುದಿಗೆ ಬಂದುಬಿಟ್ಟಿತ್ತು. ಮುಖಕ್ಕೆ ಹೊಡೆದ ಹಾಗಾಗಿತ್ತು ಕೂಡ. ಆದರೆ ಅತ್ತೆ ಫೋನು ಇಟ್ಟಿರಲಿಲ್ಲ. ಆ ಕಡೆ ಟಿವಿಯ ಸದ್ದು, ಅದರ ನಡುವೆ ಅತ್ತೆಯ ಉಸಿರು. ಅತ್ತೆ ಕಾಯುತ್ತಿದ್ದಾಳೆ ಎಂದು ಅವಳಿಗೆ ಆಗ ಹೊಳೆಯಿತು.

"ತ್ರಾಸ ಏನೂ ಇಲ್ರಿ ಅತ್ತಿ. ಬರ್ರಿ."

"ಅಷ್ಟ್ ದೂರ ವಿಮಾನ ಹತ್ತಿ... ಬ್ಯಾಡ ತಗೀ."

"ನೀವು ಬರ್ಲಿಲ್ಲಂದ್ರ ನಾನೂ ಉಣ್ಣಂಗಿಲ್ಲ."

ಟಿವಿಯ ಸದ್ದು ನಿಂತಿತು. "ಆ ದೀಪಾವಳಿಗೆ ಮತ್ತೊಮ್ಮೆ ಕರೀಬೇಕಂತ ಬಾಯಿತನಕ ಬಂದಿತ್ತವಾ," ಎಂದಳು ನೀಲಕ್ಕ. "ಇಲ್ಲೆ ಎರಡನೇ ಸಲ ಕೇಳಿದ್ರ ನಮ್ಮ ಗಿರೀಶ 'ಮಮ್, ಐ ಸೆಡ್ ನೋ' ಅಂತ ಒದರ್ತಾನ. ಹೊಟ್ಟ್ಯಾಗಿನ ಮಗಾನ ಹಂಗಂತಾನ, ನೀನೂ ಹಂಗಂದ್ರ ಅಂತ ಅಂಜಿದೆ. ಡಬ್ಬಿ ತುಂಬ ಹೋಳಿಗಿ ಮಾಡಿದ್ದೆ. ಎಲ್ಲಾ ಹಂಗ ಉಳದು ಹೋದ್ವು."

"ನಾ ಚೀಲ ತುಂಬಿ ಇಟ್ಕೊಂಡ ಕೂತಿದ್ದೆ ಅತ್ತಿ."

ಆ ಕಡೆ ಮೂಗು ಒರೆಸಿಕೊಂಡ ಸದ್ದಾಗಿ, ಅತ್ತೆಯ ದನಿ ಗಡುಸಾಯಿತು. "ಕಾಯಿ ಎಷ್ಟ್ ತಂದಿ?"

"ಕಾಲು ಹೋಳು."

"ಕಾಲು ಹೋಳ ಯಾರ ಮೂಗಿಗೆ ಸಾಲ್ತದ? ಇಡೀ ಕಾಯಿ ತಾ. ನಾ ಬರೂತನಕ ಒಡೀಬ್ಯಾಡ."

ಸಂಧ್ಯಾರಾಣಿ ಬಿಸಿಲಲ್ಲೇ ಮತ್ತೆ ಅಂಗಡಿಗೆ ಹೋಗಿ, ಇಡೀ ಕುಂಬಳಕಾಯಿಯನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದಳು. ಮೇಜಿನ ಮೇಲೆ ಅದು ಉರುಳಾಡಿದ್ದರಿಂದ ಹಳೆಯ ಟವೆಲ್ಲು ಸುತ್ತಿ ಅದರ ಕೆಳಗೆ ಸಿಂಬಿ ಕೊಟ್ಟಳು. ಶನಿವಾರದವರೆಗೆ ಅದು ಅಲ್ಲೇ, ಖಾಲಿ ಕುರ್ಚಿಯ ಎದುರು ಕೂತಿತ್ತು.