ಸವರಿದಷ್ಟೂ ಗಟ್ಟಿ

ಅಳಿಯನ ಶೆಡ್ಡಿನಲ್ಲಿದ್ದ, ಲೋಹ ಕಡೆಯುವ ಪುಟ್ಟ ಲೇತನ್ನು ಮಾವನವರು ಎಂದೂ ಲೇತ್ ಎಂದವರಲ್ಲ, ಆಟಿಕೆ ಎನ್ನುತ್ತಿದ್ದರು. ಮೂವತ್ತೈದು ವರ್ಷ ಕಾರ್ಖಾನೆಯಲ್ಲಿ ಟರ್ನರ್ ಆಗಿದ್ದವರಿಗೆ, ಪುಸ್ತಕ ಓದಿ ಉಕ್ಕು ಕಡೆಯಲು ಹೊರಟ ಈ ಶಾಲಾ ಗುಮಾಸ್ತನನ್ನು ಕಂಡರೆ ಮೈ ಉರಿಯುತ್ತಿತ್ತು. ಆದರೂ ಬಂದಿದ್ದರು. ಪಿನ್ನು ಮುರಿದು ಮಗಳ ಹಿಟ್ಟಿನ ಗಿರಣಿ ಮೂರು ದಿನದಿಂದ ನಿಂತಿತ್ತು. ಹೊಸದನ್ನು ಕಡೆಯಲು ಗುಜರಿಯಲ್ಲಿ ಸಿಕ್ಕಿದ್ದು ಜಲ್ಲಿ ಕ್ರಷರಿನ ಒಂದೇ ಒಂದು ದಪ್ಪ ಪಿನ್ನು. ಅದೂ ಕೆಟ್ಟರೆ ಗಿರಣಿಗೆ ಬೀಗ.

“ಮಾವ, ಇದಕ್ಕೆ ಅಯಸ್ಕಾಂತ ಹಿಡೀತಿಲ್ಲ. ಸವರಿದಷ್ಟೂ ಗಟ್ಟಿಯಾಗೋ ಜಾತಿ ಉಕ್ಕು ಇರ್ಬೇಕು. ನಿಧಾನವಾಗಿ, ಕಡೆಯೋ ಟೂಲನ್ನ ಒಂದೇ ಸಲ ಆಳಕ್ಕೆ ಕಚ್ಚಿಸ್ಬೇಕಂತೆ.”

“ಅಂತೆ! ನೀವು ಹುಟ್ಟೋಕೆ ಮುಂಚೆಯಿಂದ ನಾನು ಕಡೀತಿದೀನಿ, ಅಳಿಯಂದ್ರೇ. ಅರ ಉಜ್ಜಿ ನೋಡ್ದೆ, ಮೆತ್ತಗಿದೆ. ಸ್ವಲ್ಪ ಆಚೆ ನಿಂತ್ಕೊಳ್ಳಿ, ಬೆಳಕಿಗೆ ಅಡ್ಡ.”

ಕೂದಲೆಳೆಯಷ್ಟು ಸವರುವುದರಲ್ಲಿ ಮಾವನವರದು ಎತ್ತಿದ ಕೈ; ಹಾಗೇ ಸವರಿದರು. ಮೊದಲ ಸುತ್ತು ಸಲೀಸು. ಎರಡನೆಯದಕ್ಕೆ ಪಿನ್ನು ಕಿರುಚಿತು. ಮೂರನೆಯದರಲ್ಲಿ ಟೂಲು ಸುಮ್ಮನೆ ಜಾರಿತು. ಪಿನ್ನು ಕನ್ನಡಿಯ ಹಾಗೆ ಹೊಳೆಯಿತು. ಮಾವನವರು ಟೂಲು ಬದಲಾಯಿಸಿದರು, ಅದರ ಮೂತಿ ಮುರಿಯಿತು. ಬೆಲ್ಟಿಗೆ ಬೈದರು, ಕರೆಂಟಿಗೆ ಬೈದರು, ಟೂಲು ಮಾಡಿದವನ ವಂಶವನ್ನೆಲ್ಲ ಜಾಲಾಡಿದರು. ಬೈಯಲು ತಾವೊಬ್ಬರೇ ಉಳಿದಾಗ ಸ್ವಿಚ್ಚು ಆರಿಸಿದರು.

“ನಾನು ನೋಡ್ಲಾ?” ಎಂದ ಅಳಿಯ.

“ನೋಡಿ, ನೋಡಿ. ಕೆಟ್ಟಿರೋದನ್ನ ಇನ್ನೇನು ಕೆಡಿಸ್ತೀರಾ!”

ಅಳಿಯ ವೇಗ ತಗ್ಗಿಸಿದ. ಗಟ್ಟಿಯಾದ ಪದರದ ಕೆಳಗಿಂದಲೇ ಟೂಲನ್ನು ಆಳಕ್ಕೆ ಇಳಿಸಿದ, ಎಲ್ಲೂ ತಡೆಯದೆ ನಡೆಸಿದ. ಆಟಿಕೆ ಗುರುಗುಟ್ಟಿತು. ನೀಲಿ ಚೂರುಗಳು ಸುರುಳಿ ಸುರುಳಿಯಾಗಿ ಉದುರಿದವು. ಮಧ್ಯಾಹ್ನದ ಹೊತ್ತಿಗೆ ಪಿನ್ನು ಅಳತೆಗೆ ಬಂತು.

ಮಗಳು ಬಾಗಿಲಲ್ಲಿ ನಿಂತಳು. “ಆಯ್ತಾ? ಯಾರು ಮಾಡಿದ್ದು?”

“ಮಾವನೇ,” ಎಂದ ಅಳಿಯ, ಕೈ ಒರೆಸಿಕೊಳ್ಳುತ್ತ.

ಮಾವನವರು ಅವನ ಮುಖದಲ್ಲಿ ತಾತ್ಸಾರವನ್ನು ಹುಡುಕಿದರು. ಇದ್ದಿದ್ದರೆ ಒಂದಕ್ಕೆ ಎರಡು ಸೇರಿಸಿ ಆಡಿಬಿಡುತ್ತಿದ್ದರು. ಇರಲಿಲ್ಲ. ಮುದುಕನ ಮರ್ಯಾದೆ ಉಳಿಯಲಿ ಎಂಬ ಕನಿಕರವಿತ್ತು, ಅಷ್ಟೇ. ಅಷ್ಟು ದೊಡ್ಡ ಅವಮಾನವನ್ನು ಅವರು ಜೀವಮಾನದಲ್ಲಿ ಉಂಡಿರಲಿಲ್ಲ.

ಮಗಳು ಹೆಮ್ಮೆಯಿಂದ ಅವರನ್ನೇ ನೋಡುತ್ತಿದ್ದಳು. ಬಾಯಿ ತೆರೆದರು. ಇಲ್ಲ ಎನ್ನಬೇಕೆಂದಿದ್ದರು.

“ಹೂಂ,” ಅಂದರು.