ಮೇಸ್ತ್ರಿಯ ಕಿವಿ

ಏರಿನ ಅರ್ಧಕ್ಕೆ ಬಂದ ಶವವಾಹನ ಎರಡು ಸಲ ಕೆಮ್ಮಿ ನಿಂತೇಬಿಟ್ಟಿತು. ಹಳೇ ವ್ಯಾನು. ಒಳಗೆ ಮಲಗಿದ್ದವನು ನಲವತ್ತು ವರ್ಷ ಇಂಥವೇ ಗಾಡಿಗಳನ್ನು ರಿಪೇರಿ ಮಾಡಿದ ಮೇಸ್ತ್ರಿ. ಪಕ್ಕದಲ್ಲಿ ಕೂತ ಮಗಳು ಅವನ ಗ್ಯಾರೇಜಿನಲ್ಲೇ ಕೈ ಕಪ್ಪು ಮಾಡಿಕೊಂಡು ಬೆಳೆದವಳು.

ಹಿಂದಿನ ಗಾಡಿಗಳವರೆಲ್ಲ ಇಳಿದು ಬಂದರು.

"ಅವ್ರಿದ್ದಿದ್ರೆ ಬರೀ ಸದ್ದು ಕೇಳೇ ಹೇಳ್ಬಿಡೋರು," ಎಂದ ಟ್ಯಾಕ್ಸಿಯವನು.

"ಆ ಕಿವಿ ಹೋಯ್ತಲ್ಲಪ್ಪ. ಇನ್ನು ಬೇರೆ ಗ್ಯಾರೇಜು ನೋಡ್ಕೋಬೇಕು," ಎಂದ ಹಾಲಿನ ಗಾಡಿಯವನು, ಅವಳು ಅಲ್ಲೇ ಇದ್ದಾಳೆಂಬ ಪರಿವೆಯೂ ಇಲ್ಲದೆ. ಅವಳಿಗೆ ಮೈಯೆಲ್ಲ ಉರಿಯಿತು. ಇವರು ಹೋದರೆ ಗ್ಯಾರೇಜಿಗೆ ಬಾಗಿಲು ಹಾಕಬೇಕು, ಅಷ್ಟೇ.

*

ಆ ಕಿವಿ ಹೋಗಿ ಆರು ವರ್ಷವಾಗಿತ್ತು. ಟಕಟಕ ಬಡಿದುಕೊಳ್ಳುತ್ತಿದ್ದ ಎಂಜಿನ್ನಿಗೆ ಅಪ್ಪ "ಬೆಣ್ಣೆ ಹಾಗಿದೆ" ಅಂದಾಗಲೇ ಅವಳಿಗೆ ಗೊತ್ತಾಗಿಹೋಯಿತು.

"ಯಾರಿಗೂ ಹೇಳ್ಬೇಡ ಕಣೇ," ಎಂದು ಕೈ ಹಿಡಿದುಕೊಂಡಿದ್ದ.

ಅಂದಿನಿಂದ ಕೇಳುವವಳು ಅವಳು. ಪ್ಲಗ್ಗಿನ ಕಿಡಿಯ ದೋಷವಾದರೆ ಅವನ ಬೆನ್ನಿಗೆ ಒಂದು ತಟ್ಟು, ಪೆಟ್ರೋಲಿನದಾದರೆ ಎರಡು. ಅವನು ಕಣ್ಣು ಮುಚ್ಚಿ, ತಲೆದೂಗಿ, ತೀರ್ಪು ಕೊಡುತ್ತಿದ್ದ. ನಾಟಕದವರೂ ನಾಚಬೇಕು! ಹೊಗಳಿಕೆ ಅವನಿಗೆ, ಸ್ಪ್ಯಾನರು ಅವಳಿಗೆ. ಸಿಟ್ಟು ಬರುತ್ತಿತ್ತು, ಅವನ ಮುಖ ಅರಳುವುದನ್ನು ಕಂಡು ಸುಮ್ಮನಾಗುತ್ತಿದ್ದಳು.

*

ಅವಳು ಕೆಳಗಿಳಿದು ಡ್ರೈವರನನ್ನು ಕೇಳಿದಳು. "ಎಷ್ಟು ದೂರ ಓಡಿದ್ಮೇಲೆ ನಿಲ್ಲುತ್ತೆ?"

"ಮೂರ್ನಾಲ್ಕು ಮೈಲಿ, ಅಕ್ಕ. ಸ್ವಲ್ಪ ಹೊತ್ತು ಬಿಟ್ರೆ ತಾನೇ ಸರಿಹೋಗುತ್ತೆ. ಒಂದು ವಾರದಿಂದ ಇದೇ ಗೋಳು."

"ವಾರದ ಹಿಂದೆ ಏನು ಮಾಡಿಸಿದ್ರಿ?"

"ಏನಿಲ್ಲ. ಟ್ಯಾಂಕಿನ ಮುಚ್ಚಳ ಕಳೆದೋಗಿತ್ತು, ಯಾವುದೋ ಸಿಕ್ಕಿದ್ದು ಹಾಕ್ದೆ."

ಅವಳು ಮುಚ್ಚಳ ತಿರುಗಿಸಿದಳು. ಟ್ಯಾಂಕು ಸುಸ್ಸೆಂದು ಉದ್ದಕ್ಕೆ ಉಸಿರೆಳೆದುಕೊಂಡಿತು.

"ಇದಕ್ಕೆ ಗಾಳಿ ಹೋಗೋ ತೂತೇ ಇಲ್ಲ. ಪೆಟ್ರೋಲು ಖಾಲಿಯಾದ ಜಾಗಕ್ಕೆ ಗಾಳಿ ಬರ್ದಿದ್ರೆ ಎಂಜಿನ್ನಿಗೆ ಪೆಟ್ರೋಲು ಇಳಿಯೋದಾದ್ರೂ ಹೇಗೆ? ಸಡಿಲ ಬಿಟ್ಟು ಓಡ್ಸಿ."

ಎರಡನೇ ಸಲಕ್ಕೆ ವ್ಯಾನು ಗುರ್ರೆಂದಿತು.

"ಮೇಸ್ತ್ರಿ ಹೇಳ್ಕೊಟ್ಟ ವಿದ್ಯೆ," ಎಂದ ಟ್ಯಾಕ್ಸಿಯವನು.

ಆರು ವರ್ಷದ ಮಾತು ಅವಳ ನಾಲಗೆಯ ತುದಿಗೆ ಬಂತು. ವ್ಯಾನಿನೊಳಗೆ ನೋಡಿದಳು. "ಹೌದು, ಅವ್ರೇ ಹೇಳ್ಕೊಟ್ಟಿದ್ದು," ಎಂದಳು. ಸುಳ್ಳೇನಲ್ಲವಲ್ಲ. ಅಳು ಉಕ್ಕಿ ಬಂತು, ಅತ್ತಳು.

ಎಲ್ಲ ಮುಗಿಸಿ ಅವಳು ಸ್ಮಶಾನದ ಗೇಟು ದಾಟುವಾಗ ಟ್ಯಾಕ್ಸಿಯವನು ತನ್ನ ಗಾಡಿಯ ಬಾನೆಟ್ ಎತ್ತಿ, ಎಂಜಿನ್ ಚಾಲೂ ಮಾಡಿಕೊಂಡು ನಿಂತಿದ್ದ. ಕೇಳಲು ಸಂಕೋಚ, ನೆಲ ನೋಡುತ್ತಿದ್ದ. ಹಾಲಿನ ಗಾಡಿಯವನು ಮಾತಾಡುತ್ತಿದ್ದವರತ್ತ ತಿರುಗಿ ಗದರಿದ:

"ಶ್! ಸದ್ದು ಮಾಡ್ಬೇಡ್ರೋ, ಅಕ್ಕನಿಗೆ ಕೇಳಿಸ್ಬೇಕು."