ಬ್ರೇಕಣ್ಣನ ದಿಂಬಿನ ಕವರು

ಡಿಪೋದಲ್ಲಿ ಅವನನ್ನು ಎಲ್ಲರೂ ಬ್ರೇಕಣ್ಣ ಎಂದೇ ಕರೆಯುತ್ತಿದ್ದರು. ಅವನು ಬ್ರೇಕು ಒತ್ತಿದರೆ ನಿಂತವರು ಕಂಬಿ ಹಿಡಿಯಬೇಕಾಗಿರಲಿಲ್ಲ, ತೊಡೆಯ ಮೇಲೆ ಮಲಗಿದ ಮಗು ಮಿಸುಕುತ್ತಿರಲಿಲ್ಲ. ಅಂಥ ಚಾಲಕ. ಆದರೆ ಬಸ್ಸಿಗಿದ್ದ ಬ್ರೇಕು ಅವನ ಬಾಯಿಗಿರಲಿಲ್ಲ. ಟ್ರಿಪ್ಪು ಮುಗಿಸಿ ಇಳಿದರೆ ಕೈ ತಾನಾಗಿಯೇ ಬಿಸ್ಕತ್ತಿನ ಪೊಟ್ಟಣದ ಕಡೆ ಹೋಗುತ್ತಿತ್ತು. ಮನೆಗೆ ಬಂದು ಟೀವಿ ಮುಂದೆ ಕೂತರೆ ಚಿಪ್ಸಿನ ಡಬ್ಬ ತಳ ಕಾಣುವವರೆಗೂ ಏಳುತ್ತಿರಲಿಲ್ಲ. ಅಷ್ಟೊಂದು ಹಸಿವೇ ಎಂದು ಕೇಳಿದರೆ, ಪಾಪ, ಅವನಿಗೂ ಗೊತ್ತಿರಲಿಲ್ಲ.

ಆ ಸಲದ ತಪಾಸಣೆಯಲ್ಲಿ ರಕ್ತದ ಸಕ್ಕರೆ ಮಿತಿ ಮೀರಿತ್ತು. ಸಾರಿಗೆ ಸಂಸ್ಥೆಯ ಡಾಕ್ಟರಮ್ಮ ಕನ್ನಡಕದ ಮೇಲಿಂದ ನೋಡಿ, "ಮಾತ್ರೆ ಬರೆದಿದೀನಿ. ಊಟ ನೀವೇ ನೋಡ್ಕೋಬೇಕು. ಮುಂದಿನ ತಪಾಸಣೆಗೆ ಇದು ಇಳೀದಿದ್ರೆ ಬಸ್ ಕೊಡೋಕಾಗಲ್ಲ, ಗೇಟಲ್ಲಿ ಕೂರ್ತೀರ" ಎಂದರು. ಗೇಟೆಂದರೆ ಹೋಗಿ ಬರುವ ಬಸ್ಸುಗಳಿಗೆ ಸರಪಳಿ ಇಳಿಸುವ, ಏರಿಸುವ ಕೆಲಸ. ತನ್ನ ಬಸ್ಸನ್ನು ಇನ್ನೊಬ್ಬ ಓಡಿಸಿಕೊಂಡು ಹೋಗುವಾಗ ತಾನು ಸರಪಳಿ ಹಿಡಿದು ನಿಂತಿರುವುದನ್ನು ಅವನಿಂದ ನೆನೆಯಲೂ ಆಗುತ್ತಿರಲಿಲ್ಲ.

ಅವನ ಹೆಂಡತಿ ಮನೆಯಲ್ಲೇ ಕೂತು ಅಂಗಡಿಗಳಿಗೆ ಕಸೂತಿ ಹಾಕಿಕೊಡುವವಳು. ಅವಳ ಕೋಣೆಯಲ್ಲಿ ಬಿಳಿ ಬಟ್ಟೆಯ ರಾಶಿ, ಗೋಡೆಗೆ ಇಳಿಬಿಟ್ಟ ಬಣ್ಣದ ದಾರಗಳು, ಬಾಗಿಲ ಬಳಿಯೇ ಸೋಪು, ಒಣ ಟವೆಲ್ಲು. ಕೈ ತೊಳೆಯದೆ ಒಳಗೆ ಬಂದವರು ಕಟ್ಟಿಕೊಂಡ ಗಂಡನಾದರೂ ಸರಿ, ಬೈಗುಳ ತಪ್ಪಿದ್ದಲ್ಲ. ಕೆಲವು ದಿನ ಅವಳು ಗಂಡನನ್ನು ಸುಮ್ಮನೆ ಗಮನಿಸಿದಳು. ಆಮೇಲೊಂದು ಸಂಜೆ, ನೇಯ್ಗೆ ಕೆಟ್ಟಿದ್ದ ದಿಂಬಿನ ಕವರೊಂದನ್ನು ಮರದ ರಿಂಗಿಗೆ ಬಿಗಿದು ಅವನ ತೊಡೆಯ ಮೇಲಿಟ್ಟಳು.

"ಇದೇನೇ?"

"ನಿಮಗೆ ಹಸಿವಲ್ಲ ರೀ. ಇಡೀ ದಿನ ಸ್ಟೇರಿಂಗ್ ತಿರುಗಿಸೋ ಕೈ, ಮನೇಲಿ ಸುಮ್ನಿರೋಕೆ ಬರಲ್ಲ ಅದಕ್ಕೆ. ಬಟ್ಟೆ ಮೇಲೆ ದಾರದಲ್ಲಿ ಎಲೆ ಹಾಕೋದು ಹೇಳ್ಕೊಡ್ತೀನಿ, ಕಲೀರಿ."

"ನಾನಾ? ಡಿಪೋದಲ್ಲಿ ಗೊತ್ತಾದ್ರೆ ನನ್ನ ಮರ್ಯಾದೆ ಗತಿಯೇನು?"

"ಗೇಟಲ್ಲಿ ನಿಂತ್ರೆ ಸಿಗತ್ತಲ್ಲ, ಆ ಮರ್ಯಾದೆ ಸಾಕಾ?"

ಅವನು ಸೂಜಿ ಹಿಡಿದ. ಮೊದಲ ಎಲೆ ಬಸ್ಸಿನಡಿ ಸಿಕ್ಕ ಹಲ್ಲಿಯಂತೆ ಕಂಡಿತು. ಎರಡನೆಯದನ್ನು ನೋಡಿ ಹೆಂಡತಿ ಸೆರಗಿನಲ್ಲಿ ನಗು ಮುಚ್ಚಿಕೊಂಡಳು. ಆದರೆ ಬಿಳಿ ಬಟ್ಟೆ ತನ್ನ ಕೆಲಸ ಮಾಡುತ್ತಿತ್ತು. ಚಿಪ್ಸು ಮುಟ್ಟಿದ ಬೆರಳು ಬಟ್ಟೆ ಮುಟ್ಟುವಂತಿಲ್ಲ. ಡಬ್ಬಕ್ಕೆ ಕೈ ಹಾಕಬೇಕಾದರೆ ಸೂಜಿ ಚುಚ್ಚಿಟ್ಟು, ರಿಂಗು ಕೆಳಗಿಟ್ಟು, ತಿಂದು, ಸೋಪು ಹಾಕಿ ತೊಳೆದು, ಒರೆಸಿ ಬರಬೇಕು. ಸೋಮಾರಿತನಕ್ಕೂ ಒಂದು ಪ್ರಯೋಜನವಿದೆಯೆಂದು ಆಗ ಗೊತ್ತಾಯಿತು. "ಈ ಎಳೆ ಮುಗೀಲಿ, ಆಮೇಲೆ ತಿನ್ನಿ" ಎನ್ನುತ್ತಿದ್ದಳು ಅವಳು. ಎಳೆ ಮುಗಿಯುವ ಹೊತ್ತಿಗೆ ಎಷ್ಟೋ ಸಲ ತಿನ್ನಬೇಕೆಂಬ ಚಪಲವೇ ಹೋಗಿರುತ್ತಿತ್ತು. ಊಟಕ್ಕೆ ನಿಜವಾದ ಹಸಿವಿನಿಂದ ಕೂರುತ್ತಿದ್ದ. ತಟ್ಟೆ ತುಂಬ ಸೊಪ್ಪು, ತರಕಾರಿ ಬಡಿಸಿದರೂ ಮುಖ ಸಿಂಡರಿಸದೆ ತಿನ್ನುತ್ತಿದ್ದ.

ಕಡೇ ಸ್ಟಾಪಿನಲ್ಲಿ ಬಸ್ಸು ನಿಂತ ಹೊತ್ತನ್ನು ಕಳೆಯಲು ರಿಂಗನ್ನು ಚೀಲದಲ್ಲಿಟ್ಟುಕೊಂಡು ಹೋಗತೊಡಗಿದ. ಕಂಡಕ್ಟರು ಒಂದೆರಡು ದಿನ, "ಅಣ್ಣಾ, ನನ್ನ ಅಂಗಿಗೊಂದು ಹೂ ಹಾಕ್ಕೊಡಿ" ಎಂದು ಕಾಲೆಳೆದು ಸುಸ್ತಾಗಿ ಸುಮ್ಮನಾದ. ತೊಂದರೆ ಕೊಟ್ಟವನು ಕಂಡಕ್ಟರಲ್ಲ, ಸ್ಟಾಪಿನ ಎದುರಿನ ಬೇಕರಿಯವನು. ಮೇಲೆ ಸಕ್ಕರೆ ಪಾಕ ಸವರಿದ ಬಿಸಿ ಬನ್ನುಗಳನ್ನು ಅವನು ಹೊರಗೆ ಜೋಡಿಸುವ ಹೊತ್ತಿಗೇ ಬ್ರೇಕಣ್ಣನ ಬಸ್ಸು ಬಂದು ನಿಲ್ಲುತ್ತಿತ್ತು. ಒಂದು ದಿನ ತಡೆದ, ಇನ್ನೊಂದು ದಿನ ತಡೆದ, ಆಮೇಲೆ ತಡೆಯಲಿಲ್ಲ. ಬಟ್ಟೆಗೆ ಕಲೆಯಾಗಬಾರದಲ್ಲ, ಬನ್ನನ್ನು ಕಾಗದದಲ್ಲಿ ಸುತ್ತಿ, ಬೆರಳಿಗೆ ಒಂದು ಹನಿಯೂ ತಾಗದಂತೆ ತಿಂದ. ಆಹಾ, ಎಂಥ ಬುದ್ಧಿವಂತಿಕೆ! ಮರುದಿನವೂ ತಿಂದ. ಅದೇ ರೂಢಿಯಾಯಿತು.

ಬಟ್ಟೆಯೇನೋ ಬೆಳ್ಳಗೇ ಇತ್ತು. ಆದರೆ ಅವನಿಗೊಂದು ಅಭ್ಯಾಸ. ಸೂಜಿಗೆ ಪೋಣಿಸುವ ಮೊದಲು ದಾರದ ತುದಿಯನ್ನು ಬಾಯಲ್ಲಿ ಒದ್ದೆ ಮಾಡುತ್ತಿದ್ದ, ಗಂಟು ಹಾಕುವಾಗ ಇನ್ನೊಮ್ಮೆ ನೆಕ್ಕುತ್ತಿದ್ದ. ಬೇಡವೆಂದು ಹೆಂಡತಿ ಹೇಳಿದರೂ ಬಿಟ್ಟಿರಲಿಲ್ಲ.

ಭಾನುವಾರ ಬೆಳಿಗ್ಗೆ ಅವಳು ಕಿಟಕಿಯ ಮೇಲಿದ್ದ ದಿಂಬಿನ ಕವರನ್ನು ಎತ್ತಿಕೊಂಡಳು. ಹೊಸ ಎಲೆಗಳ ಹಿಂಬದಿಯಲ್ಲಿ, ಒಂದೊಂದು ಗಂಟಿನ ಸುತ್ತಲೂ ಕೆಂಪಿರುವೆ ಮುತ್ತಿದ್ದವು. ಹಳೆಯ ಎಲೆಗಳ ಹತ್ತಿರ ಒಂದೂ ಇರಲಿಲ್ಲ. ದಾರದ ಕೆಲಸದಲ್ಲೇ ಕೂದಲು ನೆರೆಸಿಕೊಂಡವಳಿಗೆ ಇನ್ನು ಯಾರೂ ಏನೂ ಹೇಳಬೇಕಾಗಿರಲಿಲ್ಲ. ಅವಳು ಬಟ್ಟೆಯನ್ನು ಅವನ ಮುಂದೆ ಹಿಡಿದಳು.

"ಏನು ತಿಂದ್ರಿ?"

"ಬನ್ನು" ಎಂದ. ಸುಳ್ಳು ಹೇಳಲು ಇರುವೆಗಳು ಬಿಡಲಿಲ್ಲ.

ಬೈಗುಳಕ್ಕೆ ತಯಾರಾಗಿ ತಲೆ ತಗ್ಗಿಸಿದ. ಅವಳು ಬೈಯಲಿಲ್ಲ, ಅವನ ಪಕ್ಕದಲ್ಲಿ ಕೂತಳು.

"ನಿಮಗೆ ಬಸ್ಸಿನ ಚಿಂತೆ. ನಂಗೆ ಬಸ್ ಹೋದ್ರೆ ಹೋಗ್ಲಿ. ನಮ್ಮಪ್ಪಂಗೂ ಇದೇ ಕಾಯಿಲೆ ಇತ್ತಲ್ಲ. ಕಾಲ್ಬೆರಳಲ್ಲಿ ಗಾಯ ಆಗಿದ್ದು ಅವ್ರಿಗೇ ಗೊತ್ತಾಗಿರ್ಲಿಲ್ಲ, ಆಮೇಲೆ ಪಾದಾನೇ ತೆಗೆದ್ರು. ನಿಮ್ಮ ಕಾಲ್ಚೀಲ ಒಗೆಯೋವಾಗ ದಿನಾ ಒಳಗಡೆ ತಿರುಗಿಸಿ ನೋಡ್ತೀನಿ ರೀ, ಎಲ್ಲಾದ್ರೂ ರಕ್ತ ಇದ್ಯಾ ಅಂತ."

ಬ್ರೇಕಣ್ಣ ದಿಂಬಿನ ಕವರನ್ನು ಅವಳ ಕೈಯಿಂದ ತೆಗೆದುಕೊಂಡ. ಇಷ್ಟು ದಿನ ತನ್ನ ಸೀಟಿನ ಭಯವೊಂದೇ ಈ ಮನೆಯಲ್ಲಿದೆ ಎಂದುಕೊಂಡಿದ್ದ. ಗಂಟುಗಳ ಮೇಲಿನ ಇರುವೆಗಳನ್ನು ಕೊಡವಿ, ಹೊಸ ಎಲೆಗಳನ್ನೆಲ್ಲ ಒಂದೊಂದಾಗಿ ಬಿಚ್ಚತೊಡಗಿದ. ಅವಳು ಕತ್ತರಿ ತಂದುಕೊಟ್ಟಳು. ಬಿಚ್ಚುವ ಕೆಲಸಕ್ಕೆ ಹೊಲಿಯುವುದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು, ಅವನು ಬೇಸರಿಸಲಿಲ್ಲ.

ಮಾರನೆಯ ದಿನ ಬಸ್ಸನ್ನು ಬೇಕರಿಗೆ ಬೆನ್ನು ಮಾಡಿ ನಿಲ್ಲಿಸಿದ. ಕಂಡಕ್ಟರಿಗೆ, "ನಾನು ಆ ಕಡೆ ಹೋದ್ರೆ ಕಾಲರ್ ಹಿಡಿದು ಎಳೆಯೋ ಮಾರಾಯ" ಎಂದು ಬಾಯಿಬಿಟ್ಟು ಹೇಳಿದ. ಮನೆಯಿಂದ ಸೌತೆಕಾಯಿಯ ಹೋಳು, ಹುರಿದ ಕಡಲೆ ತಂದು ಅದನ್ನೇ ತಿಂದ. ಕೈ ತೊಳೆದು ರಿಂಗು ಹಿಡಿದ. ನಡುವೆ ಒಮ್ಮೆ ಜಾರಿ ಬನ್ನು ತಿಂದದ್ದೂ ಉಂಟು. ಆ ಸಂಜೆ ಅದನ್ನು ಹೆಂಡತಿಗೆ ತಾನೇ ಹೇಳಿದ.

ತಪಾಸಣೆಯ ದಿನ ಡಾಕ್ಟರಮ್ಮ ಕಾಗದವನ್ನು ಎರಡು ಸಲ ನೋಡಿದರು. "ಇಳಿದಿದೆ. ಇನ್ನೂ ಇಳೀಬೇಕು, ಮಾತ್ರೆ ಬಿಡೋ ಹಾಗಿಲ್ಲ. ಆದ್ರೆ ಬಸ್ ನಿಮ್ಮ ಹತ್ರಾನೇ ಇರ್ಲಿ" ಎಂದರು.

ಅವನು ದಾರಿಯುದ್ದಕ್ಕೂ ಮಗುವಿನಂತೆ ಹಿಗ್ಗುತ್ತ ಮನೆಗೆ ಬಂದ. ಕೋಣೆಯಲ್ಲಿ ಹೆಂಡತಿ ಸೂಜಿ ಹಿಡಿದು ಕೂತಿದ್ದವಳು ತಲೆಯೆತ್ತಿದಳು. ಏನಾಯಿತೆಂದು ಕೇಳುವ ಧೈರ್ಯ ಅವಳಿಗಿರಲಿಲ್ಲ. ಅವನೂ ಹೇಳಲಿಲ್ಲ. ನಲ್ಲಿಯ ಕೆಳಗೆ ಕಾಲು ತೊಳೆದು, ಒರೆಸಿಕೊಂಡು, ಅವಳೆದುರು ಕೂತು ಎರಡೂ ಪಾದಗಳನ್ನು ಬೆಳಕಿಗೆ ಚಾಚಿದ.

"ಇನ್ಮೇಲೆ ಕಾಲ್ಚೀಲ ನೋಡ್ಬೇಡ. ಇದನ್ನೇ ನೋಡು."

ಅವಳು ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ಅವನ ಪಾದಗಳನ್ನು ಕೈಗೆತ್ತಿಕೊಂಡಳು. ಹಿಮ್ಮಡಿ, ಅಂಗಾಲು, ಬೆರಳಿನ ಸಂದಿ, ಒಂದೂ ಬಿಡದೆ ನೋಡಿದಳು.

"ಏನೂ ಇಲ್ಲ" ಎಂದಳು.

ಆಮೇಲೆ ಆ ಪಾದಗಳನ್ನು ಬಿಡದೆ ಹಾಗೆಯೇ ಹಿಡಿದುಕೊಂಡು ಅತ್ತಳು. ಬಸ್ಸು ಉಳಿಯಿತೆಂಬ ಸುದ್ದಿಯನ್ನು ಹೊತ್ತು ಅಷ್ಟು ದೂರದಿಂದ ಬಂದಿದ್ದವನು ಅದನ್ನು ಹೇಳಲು ಅವಸರ ಮಾಡದೆ ಪಾದ ಚಾಚಿಯೇ ಕೂತಿದ್ದ.